ದೊಡ್ಡವರ ಮೂರು ಗಾಲಿ ಪೆಡಲ್ ಸೈಕಲ್: ಸಿಪಿ ಇರುವ ಹದಿಹರೆಯದವರಿಗೆ ಎಷ್ಟು ಒಗ್ಗುತ್ತದೆ?

ಹಿಂದೆ ಎರಡು ಗಾಲಿ, ನಡುವೆ ಒಂದು ಬುಟ್ಟಿ, ಕಾಲಿನಿಂದ ತುಳಿಯುವ ದೊಡ್ಡವರ ಮೂರು ಗಾಲಿ ಸೈಕಲ್ ಬಗ್ಗೆ ಈ ಬರಹ. ವಯಸ್ಸಾದವರು ಕಾಯಿಪಲ್ಲೆ ತರಲಿ ಅಂತ ಮಾಡಿದ ವಸ್ತು ಇದು. ಕಲಬುರಗಿಯ ಸೈಕಲ್ ಅಂಗಡಿಗಳಲ್ಲಿ ಎದುರಿಗೆ ನಿಲ್ಲಿಸಿರುವುದು ಕಡಿಮೆ. ಹೇಳಿದರೆ ತರಿಸಿಕೊಡುತ್ತಾರೆ, ಇಲ್ಲವಾದರೆ ಆನ್‌ಲೈನ್‌ನಲ್ಲಿ ಬಿಡಿಬಿಡಿಯಾಗಿ ಡಬ್ಬಿಯಲ್ಲಿ ಬರುತ್ತದೆ. ಗೇರಿಲ್ಲದ್ದಕ್ಕೆ ಹದಿನೈದು ಸಾವಿರದ ಆಚೀಚೆ. ಸೆರೆಬ್ರಲ್ ಪಾಲ್ಸಿ (ಸಿಪಿ, ಅಂದರೆ ಎಳೆಯ ಮಿದುಳಿಗೆ ಪೆಟ್ಟಾಗಿ ಸ್ನಾಯುಗಳ ಹಿಡಿತ ತಪ್ಪುವ ತೊಂದರೆ) ಇರುವ 12ರಿಂದ 18 ವರ್ಷದವರಿಗೆ ಇದನ್ನು ಡಬ್ಬಿಯಿಂದ ತೆಗೆದ ಹಾಗೆಯೇ ಕೊಟ್ಟರೆ ಐದರಲ್ಲಿ ಎರಡು ಅಂಕ. ಸೀಟು, ಕ್ರ್ಯಾಂಕು (ಪೆಡಲನ್ನು ಹಿಡಿದಿರುವ ತೋಳು), ಪೆಡಲು, ಬ್ರೇಕು ಈ ನಾಲ್ಕನ್ನೂ ತಿದ್ದಿಸಿದರೆ ನಾಲ್ಕು ಅಂಕ. ಉಳಿದ ಒಂದು ಅಂಕವನ್ನು ಅದರ ಅಗಲ ತಿಂದುಹಾಕುತ್ತದೆ.

ಮೊದಲು ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು. ಸಿಪಿ ಇರುವವರ ಓಡಾಟವನ್ನು ಜಿಎಂಎಫ್‌ಸಿಎಸ್ ಅನ್ನುವ ಅಳತೆಯಲ್ಲಿ 1ರಿಂದ 5ರವರೆಗೆ ಗುರುತಿಸುತ್ತಾರೆ. ಫಿಸಿಯೋಥೆರಪಿ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಆಸರೆಯಿಲ್ಲದೆ ನಡೆದು ಓಡುವ 1ನೇ ಹಂತದವರಿಗೆ ಇದು ಬೇಡ. ಎರಡು ಗಾಲಿಯ ಸೈಕಲ್ಲನ್ನೇ ಪೆಡಲ್ ಬಿಚ್ಚಿ, ಸೀಟು ತಗ್ಗಿಸಿ, ನೆಲ ಒದೆಯುತ್ತಾ ಕಲಿಸಿದರೆ ಹೆಚ್ಚಿನವರು ಕಲಿಯುತ್ತಾರೆ. ಮೆಟ್ಟಿಲಿಗೆ ಕಂಬಿ ಹಿಡಿಯುವ 2ನೇ ಹಂತದವರಿಗೂ, ವಾಕರ್ ಇಲ್ಲವೇ ಕೋಲಿನ ಮೇಲೆ ನಡೆಯುವ 3ನೇ ಹಂತದವರಿಗೂ ಇದು ಹೇಳಿ ಮಾಡಿಸಿದ್ದು. 4ನೇ ಹಂತದವರಲ್ಲಿ ಬೆನ್ನಿನ ಆಸರೆ ಕೊಟ್ಟರೆ ಕುಳಿತುಕೊಳ್ಳಬಲ್ಲವರು, ಹಿಂದೆ ಒಬ್ಬರು ತಳ್ಳುಹಿಡಿ ಹಿಡಿದಿದ್ದರೆ, ತುಳಿಯುತ್ತಾರೆ. ತಲೆ, ಮೈ ನಿಲ್ಲಿಸಿಕೊಳ್ಳುವುದೇ ಕಷ್ಟವಾದ 5ನೇ ಹಂತದವರಿಗೆ ಈ ಸೈಕಲ್ ಕೊಡಿಸಿ ದುಡ್ಡು ಕಳೆಯಬೇಡಿ.

ಹದಿಹರೆಯದಲ್ಲೇ ಇದರ ಮಾತು ಯಾಕೆ ಬರುತ್ತದೆ ಅಂದರೆ, 3, 4, 5ನೇ ಹಂತದವರ ಓಡಾಟದ ಶಕ್ತಿ 6-8 ವರ್ಷಕ್ಕೆ ತುದಿ ಮುಟ್ಟಿ ಹದಿಹರೆಯದಲ್ಲಿ ಇಳಿಯತೊಡಗುತ್ತದೆ. ಎಲುಬು ಬೆಳೆಯುವ ವೇಗಕ್ಕೆ ಬಿಗಿ ಸ್ನಾಯು ಉದ್ದವಾಗುವುದಿಲ್ಲ, ಮೈತೂಕ ಏರುತ್ತದೆ, ಮೊಣಕಾಲು ಮಡಚಿಕೊಂಡೇ ನಡೆಯುವುದು ಶುರುವಾಗುತ್ತದೆ. ಅದೇ ಹೊತ್ತಿಗೆ ಎಸ್‌ಎಸ್‌ಎಲ್‌ಸಿ, ಟ್ಯೂಷನ್ ಬಂದು ಫಿಸಿಯೋಥೆರಪಿ ನಿಲ್ಲುತ್ತದೆ. ಗಾಲಿಕುರ್ಚಿಯಲ್ಲಿ ಕೂತರೆ ಬೇಗ ಹೋಗಬಹುದು ಅನ್ನುವುದು ಹುಡುಗನಿಗೂ ಗೊತ್ತು, ಮನೆಯವರಿಗೂ ಗೊತ್ತು. ಕೂರುವುದು ತಪ್ಪಲ್ಲ, ದೂರದ ಓಡಾಟಕ್ಕೆ ಅದೇ ಸರಿ. ಆದರೆ ಎದೆ ಬಡಿತ ಏರುವಂಥ ಕೆಲಸ ಇಡೀ ವಾರದಲ್ಲಿ ಒಂದೂ ಇಲ್ಲದಂತಾಗುತ್ತದೆ. ಕಷ್ಟಪಟ್ಟು ನಡೆಯುವವರಿಗೆ ನಡಿಗೆಯಲ್ಲೇ ದಮ್ಮು ಮುಗಿದು, ಇಪ್ಪತ್ತು ನಿಮಿಷ ಎಳೆಯಲು ಆಗುವುದಿಲ್ಲ. ಸೈಕಲ್ಲಿನಲ್ಲಿ ಮೈಭಾರ ಸೀಟಿನ ಮೇಲಿರುತ್ತದೆ, ಸಮತೋಲವನ್ನು ಗಾಲಿಗಳು ನೋಡಿಕೊಳ್ಳುತ್ತವೆ, ಕಾಲಿಗೆ ಉಳಿಯುವುದು ತುಳಿಯುವ ಕೆಲಸ ಒಂದೇ.

ಸರ್ಕಾರದ ಶಿಬಿರದಲ್ಲಿ ಎಡಿಪ್ (ಅಂಗವಿಕಲರಿಗೆ ಸಾಧನ ಕೊಡುವ) ಯೋಜನೆಯಡಿ ಕೊಡುವ, ಸರ್ಕಾರಿ ಕಂಪನಿ ಅಲಿಮ್ಕೊದ ಮೂರು ಗಾಲಿ ಸೈಕಲ್ ಇದೆಯಲ್ಲ, ಅದೇ ಸಾಲದೇ ಅಂತ ಬಹಳ ಜನ ಕೇಳುತ್ತಾರೆ. ಅದು ಕೈಯಿಂದ ತಿರುಗಿಸುವಂಥದ್ದು. ಊರು ತಿರುಗಲು ಒಳ್ಳೆಯದು, ಭುಜಕ್ಕೂ ಒಳ್ಳೆಯ ಕೆಲಸ, ಆದರೆ ಕಾಲು ಹಲಗೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಎರಡರ ಉದ್ದೇಶವೇ ಬೇರೆ.

ಕೊಳ್ಳುವಾಗ ಬಣ್ಣ, ಬುಟ್ಟಿ ನೋಡುವ ಮೊದಲು ಮನೆಯ ಬಾಗಿಲಿಗೆ ಟೇಪು ಹಿಡಿಯಿರಿ. ಹಿಂದಿನ ಗಾಲಿಗಳ ಹೊರ ಅಂಚಿನಿಂದ ಅಂಚಿಗೆ 70ರಿಂದ 80 ಸೆಂ.ಮೀ. ಇರುತ್ತದೆ, ಎರಡೂವರೆ ಅಡಿಯ ಬಾಗಿಲು ಅಂದರೆ 76 ಸೆಂ.ಮೀ. ಬ್ರಹ್ಮಪುರದ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲಿನ ಜೊತೆ ಎತ್ತರದ ಹೊಸ್ತಿಲೂ ಇದೆ. ಇಪ್ಪತ್ತು ಕಿಲೋ ದಾಟುವ ಸೈಕಲ್ಲನ್ನು ದಿನಾ ಇಬ್ಬರು ಎತ್ತಿ ಇಳಿಸಬೇಕಾದರೆ ಮೂರನೇ ವಾರಕ್ಕೆ ಅದು ಅಂಗಳದಲ್ಲೇ ಉಳಿಯುತ್ತದೆ, ಬಿಸಿಲಿಗೆ ಸೀಟಿನ ಫೋಮು ಸೀಳುತ್ತದೆ, ಟೈರು ಒಡೆಯುತ್ತದೆ. ಸವಾರಿ ನಿಂತುಹೋಗುವ ಕಾರಣಗಳಲ್ಲಿ ಮಗುವಿನ ಸೋಮಾರಿತನಕ್ಕಿಂತ ಈ ಹೊಸ್ತಿಲೇ ದೊಡ್ಡದು. ಒಂದು ಹಲಗೆಯ ಇಳಿಜಾರು ಮಾಡಿಸಿ, ಇಲ್ಲವೇ ಕೆಳಗಿನ ಪೋರ್ಚಿನಲ್ಲಿ ನೆರಳಿನ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ. ಗಾಲಿ 20 ಇಂಚು, 24 ಇಂಚು ಎರಡೂ ಸಿಗುತ್ತವೆ. ಐದು ಅಡಿಯೊಳಗಿನವರಿಗೆ 20 ಇಂಚಿನದೇ ವಾಸಿ: ಸೀಟು ತಗ್ಗು, ಹತ್ತುವುದು ಸುಲಭ, ತಿರುವಿನಲ್ಲಿ ಮಗುಚುವ ಭಯ ಕಡಿಮೆ. ಚೌಕಟ್ಟಿನ ನಡುವಿನ ಪೈಪು ನೆಲಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು.

ಇನ್ನು ತಿದ್ದುಪಡಿ. ಹೆಚ್ಚು ತಪ್ಪಾಗುವುದು ಸೀಟಿನ ಎತ್ತರದಲ್ಲಿ ಮತ್ತು ಕ್ರ್ಯಾಂಕಿನ ಉದ್ದದಲ್ಲಿ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. ಪೆಡಲು ಪೂರ್ತಿ ಕೆಳಗಿದ್ದಾಗ ಮೊಣಕಾಲು ಸುಮಾರು 30 ಡಿಗ್ರಿ ಮಡಚಿರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಸಿಪಿಯಲ್ಲಿ ಮೊಣಕಾಲಿನ ಹಿಂದಿನ ಸ್ನಾಯು ಗಿಡ್ಡವಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಹಿಂದಿನಿಂದ ನೋಡಿ: ತುಳಿಯುವಾಗ ಸೊಂಟ ಎಡಕ್ಕೆ ಬಲಕ್ಕೆ ತೂಗುತ್ತಿದ್ದರೆ ಸೀಟು ಎತ್ತರವಾಗಿದೆ. ಮಿಸ್ತ್ರಿಗೆ "ಇನ್ನೊಂದ್ ಇಂಚು ಕೆಳಗ ಮಾಡ್ರಿ" ಅನ್ನುವುದು ಸುಲಭ. ಆದರೆ ಇಳಿಸುತ್ತಾ ಹೋದರೆ ಪೆಡಲು ಮೇಲೆ ಬಂದಾಗ ಮೊಣಕಾಲು ಹೊಟ್ಟೆಗೆ ಬಂದು, ತೊಡೆಗಳು ಕತ್ತರಿಯಾಗಿ ಸೇರಿಕೊಂಡು, ಪೆಡಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲೂ ಕೆಳಗೂ ಎರಡೂ ಕಡೆ ತೊಂದರೆ ಕಂಡರೆ ಸೀಟನ್ನು ದೂರಬೇಡಿ. ಕ್ರ್ಯಾಂಕು ಉದ್ದವಾಗಿದೆ ಅಂತ ಅರ್ಥ.

ಇಂಥ ಸೈಕಲ್ಲುಗಳ ಕ್ರ್ಯಾಂಕು 165-170 ಮಿ.ಮೀ. ಇರುತ್ತದೆ. ಅದನ್ನು 140ಕ್ಕೆ ಇಳಿಸಿದರೆ ಪಾದ ಸುತ್ತುವ ವೃತ್ತದ ಎತ್ತರ 5-6 ಸೆಂ.ಮೀ. ಕಡಿಮೆಯಾಗುತ್ತದೆ, ಮೊಣಕಾಲೂ ತೊಡೆಸಂದೂ ಅಷ್ಟು ಕಡಿಮೆ ಮಡಚಿದರೆ ಸಾಕು. ಮಕ್ಕಳ 20 ಇಂಚಿನ ಸೈಕಲ್ಲಿನ ಕ್ರ್ಯಾಂಕು ಹೆಚ್ಚು ಕಡಿಮೆ ಇದೇ ಅಳತೆಯದು. ಬಿಬಿ ಆ್ಯಕ್ಸಲ್ಲಿನ (ಎರಡು ಕ್ರ್ಯಾಂಕುಗಳ ನಡುವಿನ ಅಚ್ಚಿನ) ತುದಿ ಚೌಕವೋ, ಕಾಟರ್ ಪಿನ್ನಿನದೋ (ಅಡ್ಡ ಬೆಣೆಯದೋ) ನೋಡಿ ಜೋಡಿ ತನ್ನಿ. ಇದ್ದ ಕ್ರ್ಯಾಂಕಿನಲ್ಲೇ ಒಳಗಡೆ ಇನ್ನೊಂದು ತೂತು ಕೊರೆದು ಪೆಡಲ್ ಹಾಕಿಕೊಡುತ್ತೇವೆ ಅಂತ ಲೇತ್ ಅಂಗಡಿಯವರು ಹೇಳುತ್ತಾರೆ. ಬಲಗಡೆಗೆ ಅದು ಆಗುತ್ತದೆ. ಎಡ ಪೆಡಲಿನ ಚೂಡಿ ಉಲ್ಟಾ. ಉಲ್ಟಾ ಚೂಡಿಯ ಟ್ಯಾಪು ಇಲ್ಲದೆ ನೇರ ಚೂಡಿ ಹೊಡೆದು ಎರಡೂ ಕಡೆ ಬಲ ಪೆಡಲನ್ನೇ ಹಾಕಿದರೆ, ಎಡಗಡೆಯದು ತುಳಿದಂತೆಲ್ಲ ಸಡಿಲಾಗಿ ನಡುರಸ್ತೆಯಲ್ಲಿ ಬಿಚ್ಚಿ ಬೀಳುತ್ತದೆ. ಅಲ್ಯೂಮಿನಿಯಂ ಕ್ರ್ಯಾಂಕು ತೂತಿನ ಜಾಗದಲ್ಲಿ ಸೀಳುವುದೂ ಉಂಟು. ಗಿಡ್ಡ ಕ್ರ್ಯಾಂಕನ್ನೇ ಕೊಳ್ಳುವುದು ಒಳ್ಳೆಯದು.

ಕ್ರ್ಯಾಂಕು ಗಿಡ್ಡ ಮಾಡಿದರೆ ತುಳಿಯುವ ಬಲ ಹೆಚ್ಚು ಬೇಕಾಗುತ್ತದೆ, ಇದನ್ನು ಮರೆಯುವವರೇ ಬಹಳ. 170ರಿಂದ 140ಕ್ಕೆ ಬಂದರೆ ಪ್ರತಿ ತುಳಿತಕ್ಕೆ ಐದನೇ ಒಂದು ಭಾಗ ಹೆಚ್ಚು ಒತ್ತಬೇಕು. ಅದಕ್ಕೆ ಹಿಂದಿನ ಹಲ್ಲುಚಕ್ರ, ಅಂದರೆ ಫ್ರೀವೀಲು, 18 ಹಲ್ಲಿನದಿದ್ದರೆ 22ರದು ಹಾಕಿಸಿ. ಎರಡೂ ಒಂದಕ್ಕೊಂದು ಸರಿತೂಗಿ, ಒತ್ತುವ ಬಲ ಮೊದಲಿನಷ್ಟೇ ಉಳಿಯುತ್ತದೆ. ಫ್ರೀವೀಲ್ ದೊಡ್ಡದಾದರೆ ಚೈನಿಗೆ ಎರಡು ಕೊಂಡಿ ಸೇರಿಸಬೇಕಾಗಬಹುದು. ವೇಗ ಇಳಿಯುತ್ತದೆ, ಇಳಿಯಲಿ. 24 ಇಂಚಿನ ಗಾಲಿ, ಮುಂದೆ 36 ಹಲ್ಲು, ಹಿಂದೆ 22 ಅಂದರೆ ಒಂದು ಸುತ್ತಿಗೆ ಮೂರು ಮೀಟರ್ ಚಿಲ್ಲರೆ. ನಿಮಿಷಕ್ಕೆ 45 ಸುತ್ತು ತುಳಿದರೂ ಗಂಟೆಗೆ ಎಂಟು ಕಿ.ಮೀ. ಮೇಲೆ ಹೋಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ಬಿಗಿ ಸ್ನಾಯುವನ್ನು ಎಷ್ಟು ವೇಗವಾಗಿ ಎಳೆದರೆ ಅಷ್ಟು ಜೋರಾಗಿ ತಿರುಗಿ ಬಿಗಿಯುತ್ತದೆ. ಹಾಗಾಗಿ ಮೊದಮೊದಲು ನಿಧಾನ ತುಳಿತವೇ ಸರಾಗ.

ಪೆಡಲಿನಲ್ಲಿ ಪಾದ ನಿಲ್ಲದಿರುವುದು ಮುಂದಿನ ತೊಂದರೆ. ಸೈಕಲ್ ತರಬೇತಿಯವರು ಹೇಳುವಂತೆ ಬೆರಳಿನ ಬುಡವನ್ನು ಪೆಡಲಿನ ಮೇಲಿಟ್ಟರೆ ಇಲ್ಲಿ ಕೆಲಸ ಕೆಡುತ್ತದೆ. ಅಲ್ಲಿ ಒತ್ತಿದರೆ ಮೀನಖಂಡ ಎಳೆದು ಪಾದ ಪಟಪಟ ನಡುಗಲು ಶುರುವಾಗುತ್ತದೆ. ಪೆಡಲಿನ ಅಚ್ಚು ಪಾದದ ನಡುಭಾಗಕ್ಕೆ ಬರಬೇಕು. ಹಿಂಬದಿಗೆ ಹಿಮ್ಮಡಿ ತಡೆಯಿರುವ, ಹತ್ತು-ಹನ್ನೊಂದು ಸೆಂ.ಮೀ. ಅಗಲದ ಹಲಗೆಯನ್ನು ಪೆಡಲಿಗೆ ಬೋಲ್ಟು ಮಾಡಿಸಿ; ಅದರ ಮೇಲೆ ಹಳೆಯ ಸ್ಯಾಂಡಲ್ಲನ್ನೇ ಕೂರಿಸಿದರೂ ನಡೆಯುತ್ತದೆ. ಎಎಫ್‌ಓ (ಪಾದ, ಕಣಕಾಲನ್ನು ಹಿಡಿದಿಡುವ ಆಸರೆ) ಹಾಕುವವರು ಅದನ್ನು ಹಾಕಿಕೊಂಡೇ ಅಳತೆ ಕೊಡಬೇಕು, ಬೂಟು ಒಂದೆರಡು ಸೈಜು ದೊಡ್ಡದಾಗಿರುತ್ತದೆ. ಪಟ್ಟಿ ಎರಡಿಂಚಿನ ವೆಲ್ಕ್ರೋದ್ದು ಇರಲಿ, ಒಂದೇ ಎಳೆತಕ್ಕೆ ಬಿಚ್ಚಬೇಕು. ಹಗ್ಗ, ದುಪಟ್ಟಾ, ಸೈಕಲ್ ಟ್ಯೂಬು ಕಟ್ಟುವುದು ಬೇಡ: ಸೈಕಲ್ ಮಗುಚಿದಾಗ ಕಾಲು ಅದರ ಜೊತೆಗೇ ತಿರುಚುತ್ತದೆ.

ಫ್ರೀವೀಲ್ ತೆಗೆದು ಫಿಕ್ಸ್ ಮಾಡಿಸಿದರೆ ಕಾಲು ತಾನೇ ಸುತ್ತುತ್ತದೆ ಅನ್ನುವ ಸಲಹೆಯೂ ಓಡಾಡುತ್ತಿದೆ. ಮೇಲಿನ, ಕೆಳಗಿನ ತುದಿಯಲ್ಲಿ ಪೆಡಲ್ ನಿಲ್ಲುವುದು ತಪ್ಪುವುದು ನಿಜ. ಆದರೆ ಇಳಿಜಾರಿನಲ್ಲಿ ಸೈಕಲ್ಲೇ ಕಾಲನ್ನು ಎಳೆದಾಡುತ್ತದೆ, ಪಟ್ಟಿ ಕಟ್ಟಿದ ಕಾಲನ್ನು ತೆಗೆಯಲೂ ಆಗುವುದಿಲ್ಲ. ರಸ್ತೆಗೆ ಬೇಡವೇ ಬೇಡ. ಗಟ್ಟಿ ಕಾಲಿನ ಪೆಡಲನ್ನು ಮೇಲಿನಿಂದ ಸ್ವಲ್ಪ ಮುಂದಕ್ಕೆ, ಗಡಿಯಾರದ ಎರಡು ಗಂಟೆಯ ಜಾಗದಲ್ಲಿಟ್ಟು ಹೊರಡುವುದನ್ನು ಕಲಿಸಿದರೆ ಅರ್ಧ ತೊಂದರೆ ಹೋಗುತ್ತದೆ.

ಬ್ರೇಕು: ಅಂಗಡಿಯಿಂದ ಬರುವಾಗ ಒಂದು ಕೈಗೆ ಮುಂದಿನದು, ಇನ್ನೊಂದು ಕೈಗೆ ಹಿಂದಿನದು. ಒಂದು ಬದಿ ದುರ್ಬಲವಿದ್ದವರಿಗೆ ಇದರಲ್ಲಿ ಒಂದು ಬ್ರೇಕು ಇದ್ದೂ ಇಲ್ಲ. ಒಂದೇ ಹಿಡಿಕೆ ಎರಡು ಕೇಬಲ್ ಎಳೆಯುವ ಲಿವರ್ ತರಿಸಿ ಗಟ್ಟಿ ಕೈಯ ಕಡೆ ಹಾಕಿಸಿ, ಹಿಂದಿನದು ಒಂದಿಷ್ಟು ಮೊದಲೇ ಹಿಡಿಯುವಂತೆ ಕೇಬಲ್ ಬಿಗಿಸಿ. ಜೊತೆಗೆ ನಿಲುಗಡೆ ಲಾಕು ಇರಲೇಬೇಕು. ಓಡಿಸುವಾಗಿನಂತೆ ಹತ್ತುವಾಗಲೂ ಬೀಳುತ್ತಾರೆ, ಸೈಕಲ್ ಉರುಳಿಬಿಡುತ್ತದೆ. ಲಾಕು ಹಾಕಿ, ಮುಂದಿನ ಗಾಲಿ ನೇರ ಮಾಡಿ, ಗಟ್ಟಿ ಕಾಲಿನ ಮೇಲೆ ನಿಂತು, ದುರ್ಬಲ ಕಾಲನ್ನು ಕೈಯಿಂದೆತ್ತಿ ಪೈಪು ದಾಟಿಸಿ, ಆಮೇಲೆ ಕೂರುವುದು. ಈ ಕ್ರಮ ಕೈಗೆ ಬಂದರೆ ಅವರಿಗೆ ಅಪ್ಪ-ಅವ್ವ ಬೇಕಾಗುವುದಿಲ್ಲ, ಹದಿನಾರು ವರ್ಷದವರಿಗೆ ಅದೇ ದೊಡ್ಡದು. ಬೆನ್ನಿನ ಆಸರೆ ಬೇಕಾದವರಿಗೆ ಸೀಟಿನ ಹಿಂದೆ ಪೈಪು ಬೆಸೆದು ಫೋಮಿನ ಹಲಗೆ ಕೂರಿಸಬಹುದು. ಪಟ್ಟಿ ಸೊಂಟಕ್ಕೆ ಬರಲಿ, ಎದೆಗೆ ಬೇಡ.

ರಸ್ತೆಗಿಳಿದ ಮೇಲೆ ಈ ಸೈಕಲ್ಲಿನ ಗುಣ ತಿಳಿಯುತ್ತದೆ. ಇದು ಬಾಗುವುದಿಲ್ಲ. ತಿರುವಿನಲ್ಲಿ ವೇಗವಿದ್ದರೆ ಒಳಗಿನ ಹಿಂಗಾಲಿ ಎದ್ದುಬಿಡುತ್ತದೆ, ಮೈಯನ್ನು ಒಳಗೆ ವಾಲಿಸಿ ಸರಿಪಡಿಸಿಕೊಳ್ಳುವುದು ಸಿಪಿ ಇರುವವರಿಗೆ ಕಷ್ಟ. ತಿರುವೆಂದರೆ ನಡಿಗೆಯ ವೇಗ, ಇದೊಂದು ನಿಯಮ ಮೊದಲ ದಿನವೇ. ನಮ್ಮ ರಸ್ತೆಗಳು ನಡುವೆ ಎತ್ತರ, ಅಂಚಿಗೆ ಇಳಿಜಾರು. ಎಡಗಡೆ ಹೋಗುವಾಗ ಸೈಕಲ್ ಸದಾ ಚರಂಡಿಯ ಕಡೆ ಎಳೆಯುತ್ತದೆ. ಅಗ್ಗದ ಮಾದರಿಗಳಲ್ಲಿ ಹಿಂದಿನ ಎರಡರಲ್ಲಿ ಒಂದೇ ಗಾಲಿಗೆ ಚೈನಿನ ಬಲ ಹೋಗುವುದರಿಂದ ತುಳಿಯುವಾಗಲೂ ಒಂದು ಕಡೆಗೆ ಎಳೆಯುತ್ತದೆ, ಮರಳಿನಲ್ಲಿ ಆ ಒಂದು ಗಾಲಿ ಸುಮ್ಮನೆ ಸುತ್ತುತ್ತದೆ. ದುರ್ಬಲ ಕೈಯವರು ಇದರಿಂದಲೇ ದಣಿಯುತ್ತಾರೆ, ತುಳಿತದಿಂದಲ್ಲ. ಅದಕ್ಕೇ ಸಮತಟ್ಟು ಜಾಗ ಬೇಕು: ಬೆಳಗಿನ ಹೊತ್ತು ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಸುತ್ತ, ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಒಳರಸ್ತೆ. ರಿಂಗ್ ರೋಡು ಬೇಡ. ಶಹಾಬಾದಿ ಕಲ್ಲು ಹಾಸಿದ ಅಂಗಳ ಒಣಗಿದ್ದಾಗ ಚೊಲೋ, ಒದ್ದೆಯಾದರೆ ಬ್ರೇಕು ಹಿಡಿದರೂ ಜಾರುತ್ತದೆ. ಮಳೆಗಾಲದ ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ಕಚ್ಚಿ ಹಿಡಿಯುತ್ತದೆ. ಹಳ್ಳಿಯವರು ಮಡ್‌ಗಾರ್ಡನ್ನು ಒಂದಿಂಚು ಎತ್ತರಿಸಿಕೊಳ್ಳಲಿ. ಜಾಲಿಮುಳ್ಳಿಗೆ ಟ್ಯೂಬಿನಲ್ಲಿ ಸೀಲೆಂಟ್ ಹಾಕಿಸಿಡಿ, ಮೂರು ಗಾಲಿ ಅಂದರೆ ಮೂರು ಪಂಕ್ಚರು.

ಎಷ್ಟು ತುಳಿಯಬೇಕು? ಸಿಪಿ ಇರುವವರಿಗೆಂದೇ 2016ರಲ್ಲಿ ಪ್ರಕಟವಾದ ವ್ಯಾಯಾಮ ಶಿಫಾರಸು ಇಲ್ಲಿ ಕೆಲಸಕ್ಕೆ ಬರುತ್ತದೆ: ವಾರಕ್ಕೆ ಒಂದೆರಡು ಸಲದಿಂದ ಶುರುಮಾಡಿ ಮೂರಕ್ಕೆ ಏರಿಸುವುದು, ಪ್ರತಿ ಸಲ ಕನಿಷ್ಠ 20 ನಿಮಿಷ, ವಾರಕ್ಕೆ ಮೂರು ಸಲವಾದರೆ ಕನಿಷ್ಠ 8 ವಾರ, ಎರಡೇ ಸಲವಾದರೆ 16 ವಾರ. 20 ನಿಮಿಷ ಒಮ್ಮೆಲೇ ಆಗುವುದಿಲ್ಲ. ಎರಡು ನಿಮಿಷ ತುಳಿದು ಒಂದು ನಿಮಿಷ ನಿಲ್ಲುವುದು, ವಾರ ವಾರಕ್ಕೆ ನಿಲ್ಲುವುದನ್ನು ಕಡಿಮೆ ಮಾಡುವುದು. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ದಮ್ಮು. ಮಾತು ಬಾರದವರಲ್ಲಿ ಉಸಿರಿನ ವೇಗವನ್ನೂ ಮುಖವನ್ನೂ ನೋಡಿ. ಮರುದಿನ ತೊಡೆ ನೋವು ಸಹಜ, ಒಂದೆರಡು ದಿನದಲ್ಲಿ ಹೋಗುತ್ತದೆ. ತೊಡೆಸಂದಿನಲ್ಲಿ ನೋವು, ಡಯಾಪರ್ ಇಲ್ಲವೇ ಪ್ಯಾಂಟು ಹಾಕುವಾಗ ಕಾಲು ಅಗಲಿಸಲು ಆಗದಿರುವುದು, ಒಂದು ಕಾಲು ಗಿಡ್ಡ ಕಾಣುವುದು, ಇವು ಸಹಜವಲ್ಲ. ಸೈಕಲ್ ನಿಲ್ಲಿಸಿ ಸೊಂಟದ ಕೀಲಿನ ಎಕ್ಸ್‌ರೇ ಮಾಡಿಸಬೇಕು; ಸಿಪಿಯಲ್ಲಿ ಮೂವರಲ್ಲಿ ಒಬ್ಬರಿಗೆ ಆ ಕೀಲು ಜರುಗಿರುತ್ತದೆ. 3ನೇ ಹಂತದಿಂದ ಮೇಲಿನವರು ಕೊಳ್ಳುವ ಮೊದಲೇ ಒಂದು ಎಕ್ಸ್‌ರೇ ನೋಡಿಸುವುದು ಮೇಲು. ಸಿಪಿ ಇರುವ ನಾಲ್ವರಲ್ಲಿ ಒಬ್ಬರಿಗೆ ಮೂರ್ಛೆ ಇರುವುದರಿಂದ ಹೆಲ್ಮೆಟ್, ಜೊತೆಗೊಬ್ಬರು.

ಸೈಕಲ್ ಒಂದೇ ಸಾಲದು. ವಾರಕ್ಕೆ ಎರಡು ದಿನ, ನಡುವೆ ಬಿಡುವು ಕೊಟ್ಟು, ಬಲದ ವ್ಯಾಯಾಮ ಬೇಕು: ಕುರ್ಚಿಯಿಂದ ಎದ್ದು ಕೂರುವುದು, ನಾಲ್ಕಿಂಚಿನ ಹಲಗೆ ಹತ್ತಿಳಿಯುವುದು, ಆರರಿಂದ ಹದಿನೈದು ಸಲ, ಮೂರು ಸುತ್ತಿನ ತನಕ. ಹದಿನೈದು ಸುಲಭವಾದರೆ ಬೆನ್ನಚೀಲದಲ್ಲಿ ಒಂದು ಕಿಲೋ ತೊಗರಿಬೇಳೆ ಪೊಟ್ಟಣ ಹಾಕಿ. ಇನ್ನೊಬ್ಬರು ಕಾಲು ಹಿಡಿದು ಎಳೆಯುವುದರಲ್ಲೇ ಅರ್ಧ ಗಂಟೆ ಕಳೆಯುವ ಮನೆಗಳಲ್ಲಿ ಆ ಹೊತ್ತನ್ನು ಇದಕ್ಕೆ ಕೊಟ್ಟರೆ ಲಾಭ ಹೆಚ್ಚು.

ಬಿಸಿಲು ಈ ಊರಿನ ನಿಜವಾದ ಅಡ್ಡಿ. ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಜಿಲ್ಲೆ. ಸವಾರಿ ಏಳು ಗಂಟೆಯೊಳಗೆ ಮುಗಿಯಬೇಕು. ಜೊಲ್ಲು ಕಡಿಮೆ ಮಾಡಲು ಕೊಡುವ ಗ್ಲೈಕೊಪಿರೊಲೇಟ್, ಮೈ ತಿರುಚುವುದಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಮೂರ್ಛೆಗೆ ಕೊಡುವ ಟೋಪಿರಮೇಟ್ ಈ ಮೂರೂ ಬೆವರನ್ನು ತಡೆಯುತ್ತವೆ. ಬೆವರದ ಮೈ 40 ಡಿಗ್ರಿಯಲ್ಲಿ ಬೇಗ ಕಾಯುತ್ತದೆ. ಮುಖ ಕೆಂಪಾಗಿ ಚರ್ಮ ಒಣಗಿದ್ದರೆ ಕೂಡಲೇ ನೆರಳಿಗೆ ಕರೆದೊಯ್ದು ಮೈಮೇಲೆ ನೀರು ಹಾಕಿ ಗಾಳಿ ಹಾಕಬೇಕು, ಮಂಕು ಕವಿದರೆ ಆಸ್ಪತ್ರೆ. ಔಷಧಿಯನ್ನು ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಆ ಎರಡು ತಿಂಗಳಿಗೆ ಕುರ್ಚಿಯ ಮುಂದೆ ನೆಲದ ಮೇಲಿಡುವ ಸಣ್ಣ ಪೆಡಲ್ ಯಂತ್ರ ಸಾಕು. ಅದಕ್ಕೆ ಎರಡು ಅಂಕ. ನುಣುಪು ಕಲ್ಲಿನ ಮೇಲೆ ಮುಂದಕ್ಕೆ ಓಡುತ್ತದೆ, ಪ್ಲೈವುಡ್ಡಿಗೆ ಬೋಲ್ಟು ಮಾಡಿ ಕುರ್ಚಿಯ ಮುಂಗಾಲನ್ನೂ ಅದೇ ಹಲಗೆಯ ಮೇಲಿಡಬೇಕು. ಬಿಗಿ ಮಾಡುವ ತಿರುಪು ಹತ್ತು ನಿಮಿಷಕ್ಕೆ ಬಿಸಿಯಾಗಿ ಸಡಿಲುತ್ತದೆ. ಗೋಡೆ ನೋಡುತ್ತಾ ತುಳಿಯುವುದು ಯಾವ ಹುಡುಗಿಗೂ ಹುಡುಗನಿಗೂ ತಿಂಗಳುಗಟ್ಟಲೆ ರುಚಿಸುವುದಿಲ್ಲ, ಫೋನಿನಲ್ಲಿ ಕ್ರಿಕೆಟ್ ಹಾಕಿಕೊಡಿ. 5ನೇ ಹಂತದವರಿಗೆ ಇದೇ ಯಂತ್ರವನ್ನು ಮೇಜಿನ ಮೇಲಿಟ್ಟು ಕೈಯಿಂದ ತಿರುಗಿಸಲು ಕೊಡಬಹುದು.

ಸೈಕಲ್ಲಿಗೆ ಮರಳಿದರೆ, ಕೊಂಡ ಆರು ತಿಂಗಳಿಗೆ "ಮೊದಲು ಚೆನ್ನಾಗಿ ತುಳಿತಿದ್ದ, ಈಗ ಒಲ್ಲೆ ಅಂತಾನ್ರಿ" ಅನ್ನುವ ದೂರು ಬರುತ್ತದೆ. ಹೆಚ್ಚಿನ ಸಲ ಕಾಲು ಉದ್ದವಾಗಿರುತ್ತದೆ, ಸೀಟು ಹಳೆಯ ಗುರುತಿನಲ್ಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಎತ್ತರ ಅಳೆದು ಸೀಟು, ಹ್ಯಾಂಡಲ್, ಪಾದದ ಹಲಗೆ ಮೂರನ್ನೂ ಮತ್ತೆ ಹೊಂದಿಸಿ. ಬಿಗಿ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಇಲ್ಲವೇ ಆಪರೇಷನ್ ಆದ ಮೇಲಂತೂ ಎಲ್ಲ ಅಳತೆಯೂ ಹೊಸದು. ಇನ್ನೊಂದು ಕಾರಣ, ಇದನ್ನು "ಎಕ್ಸರ್‌ಸೈಜು" ಅಂತ ಕರೆದು ಅವ್ವ ಪಕ್ಕದಲ್ಲಿ ನಿಂತು ಎಣಿಸುವುದು. ಹಾಲು ತರುವುದು, ಅಕ್ಕನ ಮನೆಗೆ ಡಬ್ಬಿ ಮುಟ್ಟಿಸುವುದು ಇಂಥ ಕೆಲಸ ಹಚ್ಚಿದರೆ ಹಿಂದಿನ ಬುಟ್ಟಿಯೂ ಉಪಯೋಗಕ್ಕೆ ಬರುತ್ತದೆ.

ಹಳೆಯದು ಕೊಳ್ಳುವುದಾದರೆ ಹಿಂದಿನ ಭಾಗವನ್ನು ಎತ್ತಿ ಪೆಡಲ್ ತಿರುಗಿಸಿ ನೋಡಿ. ಅಚ್ಚು ಸುತ್ತಿಯೂ ಗಾಲಿ ತಡೆದು ತಡೆದು ಸುತ್ತಿದರೆ ಗಾಲಿಯನ್ನು ಅಚ್ಚಿಗೆ ಹಿಡಿದಿಡುವ ಕೀಲಿ ಸವೆದಿದೆ. ಹೊಸ ಕೀಲಿ ಅಗ್ಗ, ಅಚ್ಚಿನಲ್ಲಿ ಕೀಲಿ ಕೂರುವ ತೋಡೇ ಸವೆದಿದ್ದರೆ ದುಬಾರಿ. ಎರಡು ಗಾಲಿಗಳನ್ನೂ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಕಟಕಟ ಅಂದರೆ ಬೇರಿಂಗು ಹೋಗಿದೆ. ಎರಡನೇ ಚೈನು ಬುಟ್ಟಿಯ ಕೆಳಗೆ ಕಾಣದಂತೆ ಇರುತ್ತದೆ, ಅದನ್ನೂ ಬಗ್ಗಿ ನೋಡಿ, ತುಕ್ಕು ಹಿಡಿಯುವುದು ಮೊದಲು ಅದೇ. ಚೌಕಟ್ಟಿಗೆ ಬೆಸುಗೆ ಹಾಕಿದ ಗುರುತು ಸೀಟಿನ ಕೆಳಗೆ ಇದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.